ಗುಂಪಿಗೆ ತಲೆಬಾಗದ ಸಾಕ್ರಟೀಸ್

ಒಬ್ಬನೇ ಕುಳಿತು ಯೋಚಿಸಿದಾಗ ತಪ್ಪೆಂದು ತಿಳಿಯುವ ಕೆಲಸವನ್ನು ಮನುಷ್ಯನು ನೂರು ಜನರ ನಡುವೆ ನಿಂತಾಗ ಏಕೆ ಮಾಡುತ್ತಾನೆ? ಮನೆಯಲ್ಲಿ ಇರುವೆಗೂ ನೋವು ಬಯಸದ ಸಜ್ಜನನು ನಾಯಕನೊಬ್ಬನ ಅಪ್ಪಣೆಯಾದೊಡನೆ ಇನ್ನೊಬ್ಬನ ನಾಶಕ್ಕೆ ಏಕೆ ಕೈಯೆತ್ತುತ್ತಾನೆ? ವಿದ್ಯೆಯ ಕೊರತೆಯೇ ಇದಕ್ಕೆ ಕಾರಣವೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಇತಿಹಾಸವು ಈ ಉತ್ತರವನ್ನು ಒಪ್ಪುವುದಿಲ್ಲ. ನಾಟಕ, ಶಿಲ್ಪ, ತತ್ತ್ವಶಾಸ್ತ್ರಗಳಲ್ಲಿ ಜಗತ್ತಿಗೇ ದಾರಿ ತೋರಿದ ಅಥೆನ್ಸ್ ನಗರದ ಜನರೇ ಒಂದು ದಿನ ಕುರಿಮಂದೆಯಂತೆ ನಡೆದುಕೊಂಡರು. ಆ ದಿನ ಒಬ್ಬನು ಮಾತ್ರ ತಲೆಯಾಡಿಸಲಿಲ್ಲ. ಅವನೇ ಸಾಕ್ರಟೀಸ್.

ಸಾಕ್ರಟೀಸನೆಂದರೆ ವಿಷದ ಬಟ್ಟಲು ಹಿಡಿದ ವೃದ್ಧನ ಚಿತ್ರ ನಮ್ಮ ಕಣ್ಮುಂದೆ ಬರುತ್ತದೆ. ಅವನ ಸಾವು ಅಷ್ಟು ಪ್ರಸಿದ್ಧವಾಗಿದೆ. ಆದರೆ ಆ ಸಾವಿನ ಅರ್ಥ ತಿಳಿಯಬೇಕಾದರೆ ಅವನ ಬದುಕಿನ ಇನ್ನೆರಡು ದಿನಗಳನ್ನು ನೋಡಬೇಕು. ಒಂದು ದಿನ ಜನಸಮೂಹವು ಅವನಿಗೆ ಆಜ್ಞೆ ಮಾಡಿತು. ಇನ್ನೊಂದು ದಿನ ಸರ್ವಾಧಿಕಾರಿಗಳು ಆಜ್ಞೆ ಮಾಡಿದರು. ಎರಡು ದಿನವೂ ಅವನು ಒಪ್ಪಲಿಲ್ಲ.

ಸಾಕ್ರಟೀಸನು ಹುಟ್ಟಿದ್ದು ಸುಮಾರು ಕ್ರಿ.ಪೂ. 470ರಲ್ಲಿ. ತಂದೆ ಸೋಫ್ರೊನಿಸ್ಕಸ್ ಕಲ್ಲುಕುಟಿಗನೆಂದು ಸಂಪ್ರದಾಯ ಹೇಳುತ್ತದೆ. ತಾಯಿ ಫಿನಾರೆಟೆ ಸೂಲಗಿತ್ತಿ. ಮುಂದೆ ಸಾಕ್ರಟೀಸನು ತನ್ನ ಕಾಯಕವನ್ನು ತಾಯಿಯ ಕಾಯಕಕ್ಕೆ ಹೋಲಿಸಿಕೊಂಡನು. ಸೂಲಗಿತ್ತಿಯು ಮಗುವನ್ನು ತಾನು ಹೆತ್ತು ಕೊಡುವುದಿಲ್ಲ, ಹೆರುವವಳಿಗೆ ನೆರವಾಗುತ್ತಾಳೆ. ಹಾಗೆಯೇ ತಾನು ಯಾರಿಗೂ ಜ್ಞಾನವನ್ನು ಕೊಡುವವನಲ್ಲ, ಅವರೊಳಗಿನ ಅರಿವು ಹೊರಬರಲು ಸಹಾಯ ಮಾಡುವವನಷ್ಟೇ ಎಂಬುದು ಅವನ ಭಾವನೆಯಾಗಿತ್ತು. ಚಪ್ಪಟೆ ಮೂಗು, ಹೊರಚಾಚಿದ ಕಣ್ಣುಗಳು, ಬರಿಗಾಲು, ಬೇಸಿಗೆಗೂ ಚಳಿಗಾಲಕ್ಕೂ ಹೊದೆಯಲು ಒಂದೇ ಬಟ್ಟೆ: ಇದು ಅವನ ರೂಪ. ಪತ್ನಿ ಕ್ಸಾಂತಿಪೆ; ಗಂಡುಮಕ್ಕಳು ಮೂವರು. ಅವನು ಒಂದು ಗ್ರಂಥವನ್ನೂ ಬರೆಯಲಿಲ್ಲ. ಅವನ ಬದುಕನ್ನು ನಾವು ಮುಖ್ಯವಾಗಿ ಅವನ ಶಿಷ್ಯ ಪ್ಲೇಟೋ ಹಾಗೂ ಅವನನ್ನು ಬಲ್ಲ ಜೆನೊಫೋನ್ ಬರೆದಿಟ್ಟದ್ದರಿಂದ ತಿಳಿಯುತ್ತೇವೆ.

ಆಜ್ಞಾಪಾಲನೆ ಎಂದರೇನೆಂದು ಅರಿಯದ ಉದ್ಧಟ ಅವನಾಗಿರಲಿಲ್ಲ. ಪಾಟಿಡಿಯ, ಡೆಲಿಯಂ, ಆಂಫಿಪೊಲಿಸ್ ಎಂಬ ಮೂರು ಕಡೆ ಅವನು ಕಾಲಾಳಾಗಿ ಕಾದಾಡಿದನು. ಪಾಟಿಡಿಯದ ಕೊರೆಯುವ ಚಳಿಯಲ್ಲಿ ಬರಿಗಾಲಲ್ಲಿ ನಡೆದನು. ಗಾಯಗೊಂಡು ಬಿದ್ದಿದ್ದ ತರುಣ ಅಲ್ಸಿಬಯಾಡೀಸನನ್ನು ಕಾಪಾಡಿದನು. ಕ್ರಿ.ಪೂ. 424ರಲ್ಲಿ ಡೆಲಿಯಂನಲ್ಲಿ ಅಥೆನ್ಸಿನ ಸೇನೆ ಸೋತು ದಿಕ್ಕಾಪಾಲಾಗಿ ಓಡುವಾಗ ಇವನು ಮಾತ್ರ ಸುತ್ತಲೂ ನೋಡುತ್ತಾ, ಧೃತಿಗೆಡದೆ, ನೆಟ್ಟನೆಯ ಹೆಜ್ಜೆಯಲ್ಲಿ ಹಿಂದೆ ಸರಿದನಂತೆ. ದಂಡನಾಯಕರು ನಿಲ್ಲಿಸಿದ ಸ್ಥಳದಲ್ಲಿ ನಿಲ್ಲುವುದನ್ನು ಅವನು ಧರ್ಮವೆಂದೇ ತಿಳಿದಿದ್ದನು. ಇಂಥವನು ಮುಂದೆ ಆಜ್ಞೆಯನ್ನು ಮೀರಿದನೆಂದರೆ ಅದಕ್ಕೆ ಭಯವಾಗಲಿ ಹಟವಾಗಲಿ ಕಾರಣವಾಗಿರಲಾರದು.

ಅವನ ಗೆಳೆಯ ಕೈರೆಫೋನನು ಡೆಲ್ಫಿಯ ದೇವಾಲಯಕ್ಕೆ ಹೋಗಿ, ಸಾಕ್ರಟೀಸನಿಗಿಂತ ಜ್ಞಾನಿಗಳು ಇರುವರೇ ಎಂದು ಕೇಳಿದನು. ಯಾರೂ ಇಲ್ಲವೆಂಬ ದೈವವಾಣಿ ದೊರೆಯಿತು. ಇನ್ನೊಬ್ಬನಾಗಿದ್ದರೆ ಆ ಮಾತನ್ನು ತಲೆಯ ಮೇಲೆ ಹೊತ್ತು ಮೆರೆಯುತ್ತಿದ್ದನು. ಸಾಕ್ರಟೀಸನು ದೈವವಾಣಿಯ ಅರ್ಥವನ್ನೇ ಪರೀಕ್ಷಿಸಲು ಹೊರಟನು. ರಾಜಕಾರಣಿಗಳನ್ನು, ಕವಿಗಳನ್ನು, ಕುಶಲಕರ್ಮಿಗಳನ್ನು ಕಂಡು ಮಾತನಾಡಿಸಿದನು. ಎಲ್ಲರೂ ತಮಗೆ ತಿಳಿಯದುದನ್ನು ತಿಳಿದಿದೆಯೆಂದು ನಂಬಿದ್ದರು. ತನಗೆ ತಿಳಿಯದೆಂಬ ಅರಿವು ತನಗಿದೆ, ದೈವವಾಣಿಯ ಅರ್ಥ ಇಷ್ಟೇ ಎಂಬ ನಿರ್ಣಯಕ್ಕೆ ಅವನು ಬಂದನು. ದೇವರ ಮಾತೆಂದು ಬಂದುದನ್ನೂ ಅರಿತೇ ಒಪ್ಪಬೇಕೆಂಬ ಈ ನಡೆಯಲ್ಲಿ ಅವಿಧೇಯತೆಯಿಲ್ಲ. ದೈವದಲ್ಲಿ ಅವನಿಗೆ ಗಾಢವಾದ ಶ್ರದ್ಧೆಯಿತ್ತು. ಶ್ರದ್ಧೆಯಿದ್ದುದರಿಂದಲೇ ಆ ಮಾತಿನ ಅರ್ಥ ಹುಡುಕುವ ಶ್ರಮವನ್ನು ಅವನು ಪಟ್ಟನು.

ಅವನು ಬದುಕಿದ ಅಥೆನ್ಸಿನಲ್ಲಿ ಅರಸನಿರಲಿಲ್ಲ. ವಯಸ್ಕ ಪುರುಷ ನಾಗರಿಕರೆಲ್ಲರೂ ಜನಸಭೆಯಲ್ಲಿ ಕುಳಿತು, ಕೈಯೆತ್ತಿ, ಯುದ್ಧ ಶಾಂತಿಗಳನ್ನು ನಿರ್ಧರಿಸುತ್ತಿದ್ದರು. ಹೆಂಗಸರಿಗೆ, ಗುಲಾಮರಿಗೆ, ಹೊರಗಿನಿಂದ ಬಂದು ನೆಲೆಸಿದವರಿಗೆ ಅಲ್ಲಿ ಸ್ಥಾನವಿರಲಿಲ್ಲವೆಂಬುದನ್ನು ಮರೆಯಬಾರದು. ಆದರೂ ಅಷ್ಟು ಜನ ತಮ್ಮನ್ನು ತಾವೇ ಆಳಿಕೊಂಡ ನಗರ ಆ ಕಾಲದಲ್ಲಿ ಅಪರೂಪ. ಅದರ ಬಲವೂ ದೌರ್ಬಲ್ಯವೂ ಆ ಸಭೆಯಲ್ಲೇ ಇದ್ದವು. ಕ್ರಿ.ಪೂ. 427ರಲ್ಲಿ ದಂಗೆಯೆದ್ದ ಮಿಟಿಲೀನಿ ನಗರದ ಗಂಡಸರನ್ನೆಲ್ಲ ಕೊಲ್ಲಬೇಕೆಂದು ಸಭೆಯು ಕ್ರೋಧದಿಂದ ತೀರ್ಮಾನಿಸಿತು. ಆಜ್ಞೆ ಹೊತ್ತ ಹಡಗು ಹೊರಟೇಬಿಟ್ಟಿತು. ರಾತ್ರಿ ಕಳೆಯುವಷ್ಟರಲ್ಲಿ ಜನರ ಮನಸ್ಸು ಅಳುಕಿತು. ಮರುದಿನ ಮತ್ತೆ ಸಭೆ ಸೇರಿ ಅಲ್ಪ ಬಹುಮತದಿಂದ ಆಜ್ಞೆಯನ್ನು ಹಿಂದೆಗೆದುಕೊಂಡಿತು. ಎರಡನೆಯ ಹಡಗು ಹಗಲಿರುಳೂ ಹುಟ್ಟುಹಾಕಿ, ಕೊಲೆ ನಡೆಯುವ ಮುನ್ನ ಮುಟ್ಟಿತು. ಒಂದು ರಾತ್ರಿಯ ವಿರಾಮ ಒಂದು ಊರನ್ನು ಉಳಿಸಿತು. ಆದರೂ ದಂಗೆಯ ಮುಂದಾಳುಗಳೆಂದು ಹಿಡಿತಂದವರನ್ನು ಕೊಲ್ಲದೆ ಬಿಡಲಿಲ್ಲ.

ಕ್ರಿ.ಪೂ. 415ರಲ್ಲಿ ಸಿಸಿಲಿ ದ್ವೀಪವನ್ನು ಗೆಲ್ಲುವ ಉತ್ಸಾಹ ಅದೇ ಸಭೆಯನ್ನು ಆವರಿಸಿತು. ಅಲ್ಸಿಬಯಾಡೀಸನ ಮಾತಿಗೆ ಜನ ಮರುಳಾದರು. ಈ ದಂಡಯಾತ್ರೆ ಬೇಡವೆಂದು ಅನಿಸಿದವರೂ, ಕೈಯೆತ್ತದಿದ್ದರೆ ದೇಶದ್ರೋಹಿಗಳೆನಿಸಿಕೊಳ್ಳುವೆವೆಂಬ ಭಯದಿಂದ ಸುಮ್ಮನಿದ್ದರೆಂದು ಇತಿಹಾಸಕಾರ ಥುಸಿಡೈಡೀಸನು ದಾಖಲಿಸಿದ್ದಾನೆ. ಎರಡು ವರ್ಷಗಳ ತರುವಾಯ ಆ ಮಹಾಸೇನೆ ನಾಶವಾಯಿತು. ಸೆರೆಸಿಕ್ಕ 7000ಕ್ಕೂ ಕಡಿಮೆಯಿಲ್ಲದ ಸೈನಿಕರು ಸಿರಾಕ್ಯೂಸಿನ ಕಲ್ಲುಗಣಿಗಳಲ್ಲಿ ಬಿಸಿಲು, ಹಸಿವು, ಬಾಯಾರಿಕೆಗಳಿಂದ ನರಳಿದರು. ಬೇಡವೆಂದು ಬಲ್ಲವರು ಆಡದೆ ಉಳಿದ ಮಾತಿನ ಬೆಲೆಯನ್ನು ಆ ಗಣಿಯಲ್ಲಿದ್ದವರು ತೆತ್ತರು.

ಈ ಹಿನ್ನೆಲೆಯಲ್ಲಿ ಕ್ರಿ.ಪೂ. 406ರ ಆ ದಿನವನ್ನು ನೋಡಬೇಕು. ಆರ್ಗಿನ್ಯೂಸೆ ದ್ವೀಪಗಳ ಬಳಿ ಅಥೆನ್ಸಿನ ನೌಕಾಪಡೆ ಸ್ಪಾರ್ಟಾದ ಪಡೆಯನ್ನು ಸೋಲಿಸಿತು. ಗೆಲುವಿನಲ್ಲೂ 25 ಹಡಗುಗಳು ಹೋದವು. ಒಡೆದ ಹಡಗುಗಳಿಗೆ ಅಂಟಿಕೊಂಡಿದ್ದವರನ್ನು ಮೇಲೆತ್ತುವ ಮೊದಲೇ ಬಿರುಗಾಳಿ ಎದ್ದಿತು. ನೂರಾರು ಜನ ನೀರುಪಾಲಾದರು. ಸುದ್ದಿ ತಿಳಿದ ಜನ ಗೆಲುವನ್ನು ಮರೆತು, ಪಡೆಯ ಎಂಟು ದಂಡನಾಯಕರನ್ನು ಪದಚ್ಯುತಗೊಳಿಸಿದರು. ಇಬ್ಬರು ಊರಿಗೆ ಮರಳಲೇ ಇಲ್ಲ. ಮರಳಿದ ಆರು ಮಂದಿಯಲ್ಲಿ ಅಥೆನ್ಸಿನ ಮಹಾನಾಯಕ ಪೆರಿಕ್ಲೀಸನ ಮಗನೂ ಇದ್ದನು. ಅವನ ಹೆಸರೂ ಪೆರಿಕ್ಲೀಸ್.

ಮೊದಲ ದಿನದ ಸಭೆಯಲ್ಲಿ ದಂಡನಾಯಕರು ಬಿರುಗಾಳಿಯ ವಿಷಯ ಹೇಳಿದರು. ಚುಕ್ಕಾಣಿಗಾರರು ಸಾಕ್ಷಿ ನುಡಿದರು. ಜನ ನಂಬುವಂತೆ ಕಂಡರು. ಅಷ್ಟರಲ್ಲಿ ಸಂಜೆಯಾಗಿ ಎತ್ತಿದ ಕೈಗಳು ಕಾಣಿಸದಂತಾದುದರಿಂದ ತೀರ್ಮಾನವನ್ನು ಮುಂದೂಡಿದರು. ಮಧ್ಯೆ ಬಂಧುಬಾಂಧವರು ಕೂಡುವ ಹಬ್ಬವೊಂದು ಬಂದಿತು. ಹಬ್ಬದ ಪಂಕ್ತಿಯಲ್ಲಿ ಖಾಲಿ ಉಳಿದ ಸ್ಥಳಗಳನ್ನು ಕಂಡು ಮನೆಮನೆಯ ದುಃಖ ಹೊಸದಾಯಿತು. ಈ ದುಃಖವನ್ನು ಕೆಲವರು ಉಪಯೋಗಿಸಿಕೊಂಡರು. ಕಪ್ಪು ಬಟ್ಟೆ ತೊಟ್ಟು ತಲೆ ಬೋಳಿಸಿಕೊಂಡವರನ್ನು, ಸತ್ತವರ ಬಂಧುಗಳೆಂದು ಸಭೆಗೆ ಕರೆತಂದರು. ಹಿಟ್ಟಿನ ಪೀಪಾಯಿಯನ್ನು ಹಿಡಿದು ತೇಲಿ ಬದುಕಿದೆನೆಂದ ಒಬ್ಬನು, ಮುಳುಗುತ್ತಿದ್ದವರು ದಂಡನಾಯಕರ ಮೇಲೆ ದೂರು ಒಪ್ಪಿಸಿದರೆಂದು ಹೇಳಿದನು. ಕ್ಯಾಲಿಕ್ಸೆನಸ್ ಎಂಬುವನು, ಎಲ್ಲ ದಂಡನಾಯಕರಿಗೂ ಸೇರಿಸಿ ಒಂದೇ ಮತದಿಂದ ತೀರ್ಪು ಕೊಡಬೇಕು, ಅಪರಾಧಿಗಳೆಂದಾದರೆ ಮರಣದಂಡನೆ ಎಂಬ ಗೊತ್ತುವಳಿಯನ್ನು ತಂದನು.

ಒಬ್ಬೊಬ್ಬ ಆರೋಪಿಯನ್ನೂ ಬೇರೆಬೇರೆಯಾಗಿ ವಿಚಾರಿಸಬೇಕೆಂಬ ನಿಯಮಕ್ಕೆ ಇದು ವಿರುದ್ಧವಾಗಿತ್ತು. ಯೂರಿಪ್ಟೋಲೆಮಸ್ ಮೊದಲಾದವರು ಆಕ್ಷೇಪಿಸಿದರು. ಆಗ ಸಭೆಯಲ್ಲಿ ಕೂಗೆದ್ದಿತು. ಜನರಿಗೆ ತಮ್ಮ ಇಷ್ಟದಂತೆ ಮಾಡಲು ಬಿಡದಿರುವುದು ಘೋರ ಅನ್ಯಾಯವೆಂಬ ಕೂಗು ಅದು. ಆಕ್ಷೇಪಿಸುವವರನ್ನೂ ದಂಡನಾಯಕರ ಜೊತೆಗೆ ಅದೇ ಮತಕ್ಕೆ ಗುರಿಮಾಡಬೇಕೆಂದು ಇನ್ನೊಬ್ಬನು ಬೆದರಿಸಿದನು. ಆಕ್ಷೇಪಿಸಿದವರು ಹಿಂಜರಿದರು.

ಸಭೆ ನಡೆಸುವ ಅಧ್ಯಕ್ಷ ಮಂಡಲಿಯಲ್ಲಿ 50 ಜನರಿದ್ದರು. ನಗರದ 500 ಜನರ ಪರಿಷತ್ತಿನಲ್ಲಿ ಹತ್ತು ಬಣಗಳಿಗೂ ತಲಾ 50 ಸ್ಥಾನ. ಒಂದೊಂದು ಬಣ ವರ್ಷದ ಹತ್ತನೆಯ ಒಂದು ಭಾಗ ಅಧ್ಯಕ್ಷತೆ ವಹಿಸುತ್ತಿತ್ತು. ಆಗ ಸರದಿ ಸಾಕ್ರಟೀಸನ ಬಣದ್ದು. ಅರವತ್ತು ದಾಟಿದ್ದ ಅವನು ತನ್ನ ಬದುಕಿನಲ್ಲಿ ವಹಿಸಿದ ಒಂದೇ ಸಾರ್ವಜನಿಕ ಅಧಿಕಾರಸ್ಥಾನವದು. ಮಂಡಲಿಯ ಕೆಲವರು, ಕಾನೂನಿಗೆ ವಿರುದ್ಧವಾದ ಗೊತ್ತುವಳಿಯನ್ನು ಮತಕ್ಕೆ ಹಾಕಲಾರೆವೆಂದು ಮೊದಲು ಧೈರ್ಯವಾಗಿಯೇ ಹೇಳಿದರು. ಕ್ಯಾಲಿಕ್ಸೆನಸನು ಅವರಿಗೂ ಅದೇ ಬೆದರಿಕೆ ಹಾಕಿದನು. ಜನಸಮೂಹ ಆರ್ಭಟಿಸಿತು. ಒಬ್ಬೊಬ್ಬರಾಗಿ ಅವರ ಧೈರ್ಯ ಕರಗಿತು. ಕೊನೆಗೆ ಒಪ್ಪದೆ ಉಳಿದವನು ಸಾಕ್ರಟೀಸನೊಬ್ಬನೇ. ಕಾನೂನನ್ನು ಮೀರಿ ತಾನು ಏನನ್ನೂ ಮಾಡುವುದಿಲ್ಲವೆಂಬುದು ಅವನ ನಿಲುವು.

ಆ ಮೇಲೆ ನಡೆದುದು ಇನ್ನೂ ಚಿಂತನೀಯ. ಯೂರಿಪ್ಟೋಲೆಮಸನು ಮತ್ತೆ ಎದ್ದು, ಪ್ರತ್ಯೇಕ ವಿಚಾರಣೆ ನಡೆಸುವಂತೆ ದೀರ್ಘವಾಗಿ ವಾದಿಸಿದನು. ಮೊದಲು ಕೈಯೆತ್ತಿದಾಗ ಜನ ಅವನ ಪರವಾಗಿಯೇ ನಿಂತರು! ಒಬ್ಬನು ತಕರಾರು ತೆಗೆದುದರಿಂದ ಮತ್ತೊಮ್ಮೆ ಕೈಯೆತ್ತಿಸಿದರು. ಈ ಬಾರಿ ಗೆದ್ದುದು ಕ್ಯಾಲಿಕ್ಸೆನಸನ ಕಡೆ. ದಂಡನಾಯಕರು ಅಪರಾಧಿಗಳೆಂದಾಯಿತು. ಊರಿನಲ್ಲಿದ್ದ ಆರು ಮಂದಿಯನ್ನು ಕೊಂದರು. ಕೆಲವೇ ಕಾಲದಲ್ಲಿ ಅಥೆನ್ಸಿನ ಜನ ಪಶ್ಚಾತ್ತಾಪಪಟ್ಟರು. ತಮ್ಮನ್ನು ವಂಚಿಸಿದವರ ಮೇಲೆ ಮೊಕದ್ದಮೆ ಹೂಡಿದರು. ಕ್ಯಾಲಿಕ್ಸೆನಸನು ತಪ್ಪಿಸಿಕೊಂಡು ಓಡಿದನು. ಮುಂದೆ ಊರಿಗೆ ಮರಳಿದಾಗ ಎಲ್ಲರ ದ್ವೇಷಕ್ಕೂ ಪಾತ್ರನಾಗಿ ಹಸಿವಿನಿಂದ ಸತ್ತನು. ಸತ್ತ ಆರು ಮಂದಿ ಮಾತ್ರ ಮರಳಲಿಲ್ಲ.

ಈ ಘಟನೆಯಲ್ಲಿ ಕುರುಡು ವಿಧೇಯತೆಯ ಬೇರುಗಳೆಲ್ಲ ನಮಗೆ ಕಾಣುತ್ತವೆ. ಮೊದಲನೆಯದು ದುಃಖ. ದುಃಖಿಗೆ ಬಿರುಗಾಳಿಯ ಮೇಲೆ ಸಿಟ್ಟು ತೀರಿಸಿಕೊಳ್ಳಲಾಗದು. ಮನುಷ್ಯರೂಪದ ಅಪರಾಧಿಯೊಬ್ಬ ಬೇಕು. ಅಂಥವನನ್ನು ಬೆರಳು ಮಾಡಿ ತೋರಿಸಿದವನೇ ಆ ಗಳಿಗೆಯ ನಾಯಕ. ಎರಡನೆಯದು ಒಂಟಿಯಾಗುವ ಭಯ. ಹತ್ತರೊಡನೆ ಹನ್ನೊಂದನೆಯವನಾಗಿ ತಪ್ಪುವುದು ಒಬ್ಬನೇ ಸರಿಯಾಗಿ ನಿಲ್ಲುವುದಕ್ಕಿಂತ ಹಗುರ. ಮೂರನೆಯದು ಹೊಣೆ ಹಂಚಿಹೋಗುವ ಭ್ರಮೆ. ಸಾವಿರಾರು ಕೈಗಳ ನಡುವೆ ತನ್ನ ಕೈಯಿಂದೇನೂ ಆಗಲಿಲ್ಲವೆಂದು ಪ್ರತಿಯೊಬ್ಬನೂ ತಿಳಿಯುತ್ತಾನೆ. ಅಧ್ಯಕ್ಷ ಮಂಡಲಿಯವರಿಗೆ ಸತ್ಯ ತಿಳಿದಿತ್ತು, ಬಾಯಿಬಿಟ್ಟು ಹೇಳಿಯೂ ಇದ್ದರು. ತಿಳಿದದ್ದರ ಬಳಿ ನಿಲ್ಲುವುದೊಂದು ಅವರಿಂದಾಗಲಿಲ್ಲ.

ಕ್ರಿ.ಪೂ. 404ರಲ್ಲಿ ಅಥೆನ್ಸ್ ಸ್ಪಾರ್ಟಾಕ್ಕೆ ಶರಣಾಯಿತು. ಸ್ಪಾರ್ಟಾದ ಬೆಂಬಲದಿಂದ 30 ಜನ ಸರ್ವಾಧಿಕಾರಿಗಳು ಅಧಿಕಾರ ಹಿಡಿದರು. ಕೆಲವೇ ತಿಂಗಳುಗಳಲ್ಲಿ ಸುಮಾರು 1500 ಜನರ ಪ್ರಾಣ ತೆಗೆದರು. ಅವರ ಮುಖಂಡ ಕ್ರಿಟಿಯಾಸನು ಒಂದು ಕಾಲದಲ್ಲಿ ಸಾಕ್ರಟೀಸನ ಒಡನಾಡಿಯಾಗಿದ್ದವನು. ಒಂದು ದಿನ ಸಾಕ್ರಟೀಸನನ್ನೂ ಇನ್ನು ನಾಲ್ವರನ್ನೂ ಕರೆಸಿ, ಸಲಾಮಿಸ್ ದ್ವೀಪದಿಂದ ಲಿಯೋನನನ್ನು ಹಿಡಿದು ತರುವಂತೆ ಅವರು ಆಜ್ಞಾಪಿಸಿದರು. ತಂದರೆ ಲಿಯೋನನಿಗೆ ಸಾವು ನಿಶ್ಚಿತ. ಅವರಿಗೆ ಆಳುಗಳ ಕೊರತೆಯಿರಲಿಲ್ಲ. ಆದಷ್ಟು ಹೆಚ್ಚು ಜನರನ್ನು ತಮ್ಮ ಪಾಪದಲ್ಲಿ ಪಾಲುದಾರರನ್ನಾಗಿ ಮಾಡುವುದೇ ಅವರ ಉದ್ದೇಶವಾಗಿತ್ತೆಂದು ಪ್ಲೇಟೋ ತಿಳಿಸುತ್ತಾನೆ. ಒಮ್ಮೆ ಕೈಗೆ ಮಸಿ ಹತ್ತಿದವನು ಮುಂದೆ ದೂರುವ ಬಾಯನ್ನು ಕಳೆದುಕೊಳ್ಳುತ್ತಾನೆ. ಮಾಡಿದ ತಪ್ಪನ್ನು ಸರಿಯೆಂದು ಸಮರ್ಥಿಸಿಕೊಳ್ಳಲು ಇನ್ನಷ್ಟು ವಿಧೇಯನಾಗುತ್ತಾನೆ. ವಿಧೇಯತೆಯ ಬಲೆ ನೇಯುವುದೇ ಹೀಗೆ.

ಹೊರಗೆ ಬಂದ ಮೇಲೆ ನಾಲ್ವರು ಸಲಾಮಿಸಿಗೆ ಹೋದರು. ಸಾಕ್ರಟೀಸನು ತನ್ನ ಮನೆಗೆ ಹೋದನು. ಆ ಸರ್ವಾಧಿಕಾರ ಬೇಗನೆ ಬೀಳದಿದ್ದರೆ ಅವನ ತಲೆಯೂ ಉರುಳುತ್ತಿತ್ತೇನೋ. ಇಲ್ಲಿ ಒಂದು ನೋವಿನ ಸಂಗತಿಯನ್ನು ಮುಚ್ಚಿಡಬಾರದು. ಸಾಕ್ರಟೀಸನು ಹೋಗದಿದ್ದರೂ ಲಿಯೋನನು ಉಳಿಯಲಿಲ್ಲ. ಒಬ್ಬನ ನಿರಾಕರಣೆ ಎಲ್ಲ ಅನ್ಯಾಯವನ್ನೂ ತಡೆಯಲಾರದು. ಅವನು ಲಿಯೋನನಿಗೆ ಎಚ್ಚರಿಕೆ ಕೊಡಬೇಕಾಗಿತ್ತಲ್ಲವೇ ಎಂದು ಕೇಳುವವರೂ ಇದ್ದಾರೆ. ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಉಳಿದ ನಾಲ್ವರೂ ಮನೆಗೆ ಹೋಗಿದ್ದರೆ? ಅವರಂತೆ ಕರೆಸಿಕೊಂಡ ಪ್ರತಿಯೊಬ್ಬನೂ ಮನೆಗೆ ಹೋಗಿದ್ದರೆ? 30 ಜನರು ತಮ್ಮ ಕೈಗಳಿಂದಲೇ ಎಷ್ಟು ಜನರನ್ನು ಹಿಡಿಯಬಲ್ಲವರಾಗಿದ್ದರು?

ಕ್ರಿ.ಪೂ. 403ರಲ್ಲಿ ಜನರ ಆಳ್ವಿಕೆ ಮರಳಿತು. ಆದರೆ ಸೋತ ನಗರದ ಮನಸ್ಸಿನಲ್ಲಿ ಸಂಶಯ ಉಳಿದಿತ್ತು. ಅಲ್ಸಿಬಯಾಡೀಸ್, ಕ್ರಿಟಿಯಾಸ್ ಇಬ್ಬರೂ ಸಾಕ್ರಟೀಸನ ಬಳಿ ಓಡಾಡಿದವರೆಂಬುದನ್ನು ಜನ ಮರೆತಿರಲಿಲ್ಲ. ಅವನನ್ನು ಗೇಲಿಮಾಡಿದ ಅರಿಸ್ಟೋಫೇನೀಸನ ನಾಟಕವೂ ಕ್ರಿ.ಪೂ. 423ರಷ್ಟು ಹಿಂದೆಯೇ ತಪ್ಪು ಚಿತ್ರವನ್ನು ಹರಡಿತ್ತು. ಕ್ರಿ.ಪೂ. 399ರಲ್ಲಿ ಮೆಲೆಟಸ್, ಅನೈಟಸ್, ಲೈಕಾನ್ ಎಂಬ ಮೂವರು ಅವನ ಮೇಲೆ ದೂರಿತ್ತರು. ನಗರದ ದೇವರುಗಳನ್ನು ಮನ್ನಿಸದೆ ಹೊಸ ದೈವಗಳನ್ನು ತರುತ್ತಾನೆ, ತರುಣರನ್ನು ಕೆಡಿಸುತ್ತಾನೆ ಎಂಬುದು ಆರೋಪ. ಸುಮಾರು 500 ಜನ ನ್ಯಾಯನಿರ್ಣಾಯಕರು ಕುಳಿತರು. ಅವನು ಅಳಲಿಲ್ಲ, ಹೆಂಡತಿ ಮಕ್ಕಳನ್ನು ಕರೆತಂದು ಕನಿಕರ ಬೇಡಲಿಲ್ಲ. ವಿಚಾರಮಾಡುವುದನ್ನು ಬಿಟ್ಟರೆ ಬಿಡುಗಡೆಯೆಂಬ ಷರತ್ತು ಬಂದರೂ ತಾನು ಒಪ್ಪುವುದಿಲ್ಲವೆಂದು ಸ್ಪಷ್ಟಪಡಿಸಿದನು. 30 ಮತಗಳು ಆಚೆಗೆ ಬಿದ್ದಿದ್ದರೆ ಅವನು ಬಿಡುಗಡೆ ಹೊಂದುತ್ತಿದ್ದನು. ಮರಣದಂಡನೆಯಾಯಿತು.

ಡೆಲೋಸಿಗೆ ಹೋದ ಪವಿತ್ರ ನೌಕೆ ಮರಳುವವರೆಗೆ ಯಾರನ್ನೂ ಕೊಲ್ಲಬಾರದೆಂಬ ನಿಯಮದಿಂದ ಸುಮಾರು ಒಂದು ತಿಂಗಳು ಅವನು ಸೆರೆಯಲ್ಲಿದ್ದನು. ಗೆಳೆಯ ಕ್ರಿಟೋ ಬಂದು, ತಪ್ಪಿಸಿಕೊಂಡು ಹೋಗಲು ಎಲ್ಲ ಏರ್ಪಾಡಾಗಿದೆಯೆಂದು ಬೇಡಿಕೊಂಡನು. ಸಾಕ್ರಟೀಸನು ಆ ಸಲಹೆಯನ್ನೂ ಎಂದಿನಂತೆ ಕುಳಿತು ವಿಚಾರಿಸಿದನು. 70 ವರ್ಷ ತಾನು ಈ ನಗರದ ಕಾನೂನುಗಳ ನೆರಳಿನಲ್ಲಿ ಬದುಕಿದ್ದಾನೆ. ಇಷ್ಟವಿಲ್ಲದಿದ್ದರೆ ಬಿಟ್ಟುಹೋಗುವ, ತಪ್ಪಿದ್ದರೆ ತಿಳಿಹೇಳಿ ತಿದ್ದುವ ಅವಕಾಶವಿತ್ತು. ತನಗೆ ನೋವಾದಾಗ ಮಾತ್ರ ಅವನ್ನು ಮುರಿಯುವುದು ಸಲ್ಲದು ಎಂದು ತೀರ್ಮಾನಿಸಿದನು. ಹೆಮ್‌ಲಾಕ್ ಎಂಬ ಸಸ್ಯದ ವಿಷವನ್ನು ಶಾಂತವಾಗಿ ಕುಡಿದನು. ಅಳುತ್ತಿದ್ದ ಗೆಳೆಯರನ್ನು ತಾನೇ ಸಮಾಧಾನಪಡಿಸಿದನು.

ಗುಂಪಿಗೂ ಸರ್ವಾಧಿಕಾರಿಗಳಿಗೂ ಮಣಿಯದವನು ಅನ್ಯಾಯದ ತೀರ್ಪಿಗೆ ಏಕೆ ಮಣಿದನು? ಇದು ವಿರೋಧಾಭಾಸವೆಂದು ಅನೇಕರಿಗೆ ತೋರಿದೆ. ನಮಗೆ ಕಾಣುವಂತೆ ಮೂರು ಸಂದರ್ಭಗಳನ್ನೂ ಒಂದೇ ಅಳತೆಗೋಲು ಅಳೆಯುತ್ತದೆ. ಅನ್ಯಾಯವನ್ನು ಮಾಡುವುದಕ್ಕಿಂತ ಅನ್ಯಾಯವನ್ನು ಸಹಿಸುವುದು ಮೇಲೆಂಬುದು ಅವನ ನಂಬಿಕೆ. ಮೊದಲೆರಡು ಆಜ್ಞೆಗಳ ಬೆಲೆಯನ್ನು ತೆರಬೇಕಾದವರು ಬೇರೆಯವರು: ಆರು ದಂಡನಾಯಕರು, ಒಬ್ಬ ಲಿಯೋನ್. ಅವುಗಳನ್ನು ಅವನು ಒಪ್ಪಲಿಲ್ಲ. ಕೊನೆಯ ಆಜ್ಞೆಯ ಬೆಲೆ ಅವನದೇ ಪ್ರಾಣ. ಅದನ್ನು ಅವನು ಕೊಟ್ಟನು. ಕುರುಡು ವಿಧೇಯನ ಲೆಕ್ಕ ಇದಕ್ಕೆ ತೀರ ವಿರುದ್ಧ. ಅವನು ತನ್ನ ಪ್ರಾಣ, ಪದವಿ, ಜನರ ಮೆಚ್ಚುಗೆಗಳನ್ನು ಉಳಿಸಿಕೊಳ್ಳಲು ಇನ್ನೊಬ್ಬರ ಕೊರಳನ್ನು ಒಪ್ಪಿಸುತ್ತಾನೆ. ಯಾವುದೇ ಆಜ್ಞೆ ಬಂದಾಗ, ಇದರ ಬೆಲೆಯನ್ನು ತೆರುವವರು ಯಾರು ಎಂದು ಕೇಳಿಕೊಂಡರೆ ಸಾಕು. ಅರ್ಧ ಕತ್ತಲು ಕರಗುತ್ತದೆ.

ಜ್ಞಾನಿಯ ಹತ್ತಿರ ಸುಳಿದಾಡಿದ ಮಾತ್ರಕ್ಕೆ ಯಾರೂ ಜ್ಞಾನಿಗಳಾಗುವುದಿಲ್ಲವೆಂಬುದನ್ನೂ ಈ ಬದುಕು ತೋರಿಸುತ್ತದೆ. ಅಲ್ಸಿಬಯಾಡೀಸನು ಅವನ ಒಡನಾಟದಲ್ಲಿದ್ದೂ ಕೀರ್ತಿಯ ಬೆನ್ನು ಹತ್ತಿದನು, ಕ್ರಿಟಿಯಾಸನು ಕ್ರೂರಿಯಾದನು. ನಾವು ಗುರುಪರಂಪರೆಯನ್ನು ನಂಬಿದವರು. ಗುರುವಿನ ಮಾತಿಗೆ, ಹಿರಿಯರ ನಿರ್ಣಯಕ್ಕೆ, ಸಮಾಜದ ಒಗ್ಗಟ್ಟಿಗೆ ನಮ್ಮಲ್ಲಿ ದೊಡ್ಡ ಸ್ಥಾನವಿದೆ, ಇರಬೇಕಾದದ್ದೂ ಹೌದು. ಆದುದರಿಂದಲೇ ಈ ಮಾತನ್ನು ನಾವು ಹೊರಗಿನವರಿಗಿಂತ ಮೊದಲು ನಮ್ಮ ಭಕ್ತರಿಗೆ ಹೇಳಬೇಕಾಗಿದೆ. ಅಪ್ಪಣೆ ಮಠದಿಂದ ಬಂದರೂ, ಊರ ಪಂಚರಿಂದ ಬಂದರೂ, ನಾವು ಮೆಚ್ಚಿದ ಮುಂದಾಳುವಿನಿಂದ ಬಂದರೂ ಅರಿತು ನಡೆಯಿರಿ. ಅರಿತು ಒಪ್ಪಿದ ವಿಧೇಯತೆ ಗುರುವಿಗೆ ಸಲ್ಲುವ ಗೌರವ. ಅರಿಯದೆ ತಲೆಯಾಡಿಸುವುದು ನಮ್ಮ ಪಾಪದ ಹೊರೆಯನ್ನು ಗುರುವಿನ ಹೆಗಲಿಗೆ ದಾಟಿಸುವ ಉಪಾಯ.

ಸಭೆಯಲ್ಲಿ ಎಲ್ಲರ ಕೈಗಳೂ ಮೇಲೇಳುವ ಗಳಿಗೆ ಪ್ರತಿಯೊಬ್ಬರ ಬದುಕಿನಲ್ಲೂ ಒಮ್ಮೆಯಾದರೂ ಬರುತ್ತದೆ. ಅದು ಊರಿನವರು ಒಂದು ಮನೆಯನ್ನು ದೂರವಿಡಲು ಹೊರಟ ಸಂಜೆಯಿರಬಹುದು, ಬಂಧುಗಳು ಕೂಡಿ ಒಬ್ಬ ಹೆಣ್ಣುಮಗಳ ಮೇಲೆ ತೀರ್ಪು ಹೇಳುವ ದಿನವಿರಬಹುದು. ಕತ್ತಲಾಗಿ ಕೈಗಳು ಕಾಣದೆ ಅಥೆನ್ಸಿನ ಜನ ಅಂದು ತೀರ್ಮಾನವನ್ನು ಮುಂದೂಡಿದರು. ಸಿಕ್ಕಿದ ಕಾಲವನ್ನು ವಿಚಾರಕ್ಕೆ ಬಳಸದೆ ಸಿಟ್ಟಿಗೆ ಒಪ್ಪಿಸಿದರು. ಅಂಥ ಗಳಿಗೆಯಲ್ಲಿ ಮಿಟಿಲೀನಿಯನ್ನು ಉಳಿಸಿದ ಆ ಒಂದು ರಾತ್ರಿಯಷ್ಟು ತಾಳ್ಮೆ ನಮ್ಮಲ್ಲಿರಲಿ. ತಾಳಿದ ಮೇಲೂ ತಪ್ಪೆಂದೇ ಕಂಡರೆ, ನಮ್ಮ ಕೈ ಒಂದಾದರೂ ಕೆಳಗೇ ಇರಲಿ.